ತಳ ಕಾಣುವ ತನಕ ಹಗ್ಗ

6 ನವೆಂಬರ್ 2005, ಭಾನುವಾರ

ಮತ್ತೆ ಹಗ್ಗ.

ಬೆಳಿಗ್ಗೆ ಯಲ್ದೂರು ದಾರಿಯ ದೊಡ್ಡಕೆರೆ. ಸ್ಕೂಟರ್ ಏರಿಯ ಕೆಳಗೆ ನಿಲ್ಲಿಸಿದೆ. ಚನ್ನರಾಯಪ್ಪ ತನ್ನ ರೇಷ್ಮೆ ಹುಳದ ಮನೆಯ ಪಕ್ಕದಿಂದ ನನ್ನ ಕಯಾಕ್ ಎಳೆದು ತಂದ, ಒಬ್ಬರೇ ಕೂರುವ ಪ್ಲಾಸ್ಟಿಕ್ ದೋಣಿ. ಲೈಫ್ ಜಾಕೆಟ್ ಹಾಕಿದೆ, ಕೂತೆ, ಪ್ಯಾಡಲ್ ಹಿಡಿದೆ. ಹಿಂದೆ ತಿರುಗಿ ನೋಡುವಷ್ಟರಲ್ಲಿ ದೋಣಿಯ ಹಿಂಬದಿಗೆ ನೈಲಾನ್ ಹಗ್ಗ ಬಿಗಿದು ಮುಗಿಸಿದ್ದ. ಇನ್ನೊಂದು ತುದಿ ಅವನ ಸೊಂಟಕ್ಕೆ. ಕೆರೆ ಇಷ್ಟು ದೊಡ್ಡದು, ನನ್ನ ಪಾಲಿಗೆ ಬಂದದ್ದು ಹಗ್ಗದಷ್ಟು. ಗೂಟಕ್ಕೆ ಕಟ್ಟಿದ ಹಸು ನಾನು.

"ಬಿಚ್ಚೋ" ಅಂದೆ.

"ಸೌಪರ್ಣಿಕಮ್ಮೋರ್ಗೆ ಮಾತ್ ಕೊಟ್ಟಿದೀನಿ ಕಣೋ. ಬಿಚ್ಚಿದ್ರೆ ಆಯಮ್ಮ ನನ್ನ ಸುಮ್ನೆ ಬಿಡ್ತಾರಾ?"

ಹೈಸ್ಕೂಲಿನಲ್ಲಿ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವನು. ಈಗ ನನ್ನ ಹೆಂಡತಿಯ ಕಡೆಗೆ ಸೇರಿಕೊಂಡಿದ್ದಾನೆ.

ಇಷ್ಟಕ್ಕೂ ಆದದ್ದೇನು? ಹೋದ ತಿಂಗಳು ಜಾಲಿಗೆ ಸಿಕ್ಕಿಕೊಂಡೆ. ಅಷ್ಟೇ. ವರ್ಷಗಟ್ಟಲೆ ಒಣಗಿದ್ದ ಕೆರೆ, ಒಳಗೆಲ್ಲ ಜಾಲಿ ಬೆಳೆದು ಕಾಡಾಗಿತ್ತು. ಈ ಸಲದ ಮಳೆಗೆ ಒಂದೇ ಏಟಿಗೆ ತುಂಬಿತು. ಮರಗಳು ನಿಂತಲ್ಲೇ ಮುಳುಗಿವೆ, ಮೇಲಿನಿಂದ ಕಾಣುವುದಿಲ್ಲ. ಕಯಾಕ್ ಹೋಗಿ ಕೊಂಬೆಯ ಮೇಲೆ ಹತ್ತಿ ಕೂತುಬಿಟ್ಟಿತು. ಚನ್ನ ಲಾರಿ ಟ್ಯೂಬ್ ಹಾಕಿಕೊಂಡು ಈಜಿ ಬಂದು ಬಿಡಿಸಿದ. ಸಂಜೆಯೊಳಗೆ ಮುಳಬಾಗಿಲು ತನಕ ಸುದ್ದಿ... ಅಕೌಂಟೆಂಟ್ ವಿದ್ಯಾಧೀಶ ಮುಳುಗಿದನಂತೆ. ಮುಳುಗಲಿಲ್ಲ. ಸಿಕ್ಕಿಕೊಂಡಿದ್ದೆ. ಎರಡಕ್ಕೂ ವ್ಯತ್ಯಾಸ ಇದೆ ಎಂದು ಒಬ್ಬರಿಗೂ ತಿಳಿಯುವುದಿಲ್ಲ.

ಎಡಗಾಲು ಮೂರನೇ ವಯಸ್ಸಿನಲ್ಲೇ ಪೋಲಿಯೋಗೆ ಹೋಯಿತು. ತೊಡೆಯಿಂದ ಬೂಟಿನ ತನಕ ಕಬ್ಬಿಣದ ಕ್ಯಾಲಿಪರ್, ಅದನ್ನು ಕಟ್ಟಿಕೊಂಡರೇ ಕಾಲು ನಿಲ್ಲುವುದು. ಅವತ್ತಿನಿಂದ ಯಾರಾದರೊಬ್ಬರು ನನ್ನ ರಟ್ಟೆ ಹಿಡಿದೇ ಇರುತ್ತಾರೆ. ಬಸ್ಸಿಗೆ, ಮೆಟ್ಟಿಲಿಗೆ, ಮದುವೆ ಮನೆಯ ಊಟದ ಪಂಕ್ತಿಗೆ. ಕಯಾಕ್‌ನಲ್ಲಿ ಕೂತರೆ ಕಾಲಿನ ಮಾತೇ ಇಲ್ಲ, ತೋಳಿನದೇ ಕೆಲಸ. ತೋಳು ಚನ್ನನಿಗಿಂತ ನನ್ನದು ಗಟ್ಟಿ. ಒಬ್ಬನೇ ಹೋಗಬಲ್ಲ ಜಾಗ ಜಗತ್ತಿನಲ್ಲಿ ಇದೊಂದೇ. ಅದಕ್ಕೂ ಹಗ್ಗ.

ಒಂದು ರೋಹು ಮೀನು ಸಿಕ್ಕಿತು. ಚಿಕ್ಕದು. ಬಿಟ್ಟೆ.

9 ನವೆಂಬರ್

ಅಣ್ಣ ಊಟಕ್ಕೆ ಕೂತವನು ಶುರು ಮಾಡಿದ. ಊರಿಗೆ ನರಸಿಂಹಾಚಾರ್ಯರು. ಮನೆತನದ ಗುಡಿಯ ಅರ್ಚಕರು.

"ಆಚಾರ್ರ ಮನೇಲಿ ಹುಟ್ಟಿ ಗಾಳ ಹಿಡ್ಕೊಂಡು ಕೂರ್ತೀಯಲ್ಲೋ. ಜನ ಏನಂತಾರೆ?"

"ತಿನ್ನಲ್ಲ ಅಣ್ಣ. ಹಿಡೀತೀನಿ, ನೋಡ್ತೀನಿ, ಬಿಡ್ತೀನಿ. ಮೊದಲನೇ ಅವತಾರದ ದರ್ಶನ ಅಂದ್ಕೋ."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಣ್ಣ ನಗಲಿಲ್ಲ.

"ದರ್ಶನಕ್ಕೆ ಗುಡಿ ಇಲ್ವಾ?"

"ಇದೆ. ನನಗೆ ಹೊರಗಡೆ ಮಾತ್ರ."

ಅನ್ನಬಾರದಿತ್ತೋ ಏನೋ. ಅಂದೆ. ಅಪ್ಪ ತೀರಿಕೊಂಡ ವರ್ಷ ಮನೆತನದಲ್ಲಿ ಪೂಜೆಯ ಸರದಿ ಹಂಚಿದರು. ನನ್ನ ಪಾಲಿನದು ಅಣ್ಣನಿಗೆ ಹೋಯಿತು, ಅಂಗ ಊನ ಇದ್ದವನು ಗರ್ಭಗುಡಿಯೊಳಗೆ ಹೋಗಬಾರದು ಎಂದು ಮನೆತನದ ಹಿರಿಯರು ಹೇಳಿದರು. ಮಂತ್ರವೆಲ್ಲ ಅಣ್ಣನಿಗಿಂತ ಚೆನ್ನಾಗಿ ಬರುತ್ತಿತ್ತು ನನಗೆ. ಇಪ್ಪತ್ತು ವರ್ಷ ಆಯಿತು. ಈಗಲೂ ನೆನೆದರೆ ಬರುವುದು ದುಃಖ ಅಲ್ಲ, ಸಿಟ್ಟು.

13 ನವೆಂಬರ್

ಪರ್ಣಿಯ ಜೊತೆ ಜಗಳ. ಆಮೇಲೆ ರಾಜಿ.

ಸೌಪರ್ಣಿಕಾ ಕೂಗಾಡುವವಳಲ್ಲ. ಸೊಪ್ಪು ಸೋಸುತ್ತಾ ಮೆಲ್ಲಗೆ ಹೇಳುತ್ತಾಳೆ, ಅದಕ್ಕೇ ಎದುರು ಮಾತಾಡುವುದು ಕಷ್ಟ.

"ಮೀನು ಹಿಡೀಬೇಡಿ ಅಂದ್ನಾ ನಾನು? ನಿಮ್ಮತ್ತಿಗೆ ಹತ್ರ ನಿಮ್ ಪರ ಜಗಳ ಆಡಿದ್ಯಾರು? ನೀರಡಿ ಏನಿದೆ ಅಂತ ಕಾಣಲ್ಲ ರೀ. ಅದೇ ನಂಗೆ ಭಯ."

"ಕಂಡ್ರೆ?"

"ಕಂಡ್ರೆ ಏನು?"

"ತಳ ಕಂಡ್ರೆ ಹಗ್ಗ ಬಿಚ್ಚಿಸ್ತೀಯಾ?"

ಸೋಸಿದ ಸೊಪ್ಪನ್ನು ನೀರಿಗೆ ಹಾಕಿದಳು. "ನಿಮಗೆ ಕಂಡ್ರೆ ಸಾಲ್ದು. ನಂಗೂ ನಂಬಿಕೆ ಬರ್ಬೇಕು. ಬಂದ್ರೆ ನಾನೇ ಬಿಚ್ತೀನಿ."

ಸರಿ. ಫಿಶ್ ಫೈಂಡರ್ ತರುತ್ತೇನೆ, ನೀರಡಿ ಏನಿದೆ ಎಂದು ತೋರಿಸುವ ಯಂತ್ರ. ಮೀನು ಹುಡುಕುವುದು ಅದರ ಹೆಸರಿನಲ್ಲಿರಲಿ. ನನಗೆ ಬೇಕಾದದ್ದು ತಳ.

25 ನವೆಂಬರ್, ಚೆನ್ನೈನಿಂದ ಬರುವ ಬಸ್ಸಿನಲ್ಲಿ

ಹಾರ್ಬರ್ ಹತ್ತಿರ ಬಲೆ, ಎಂಜಿನ್, ಲಂಗರು ಮಾರುವ ಓಣಿ. ಅಂಗಡಿಯವನಿಗೆ ತೆಲುಗು ಬರುತ್ತಿತ್ತು, ಬದುಕಿದೆ. ಮೊದಲು ಟ್ರಾಲರ್‌ಗೆ ಹಾಕುವ ಕಲರ್ ಸೆಟ್ ತೋರಿಸಿದ. ನಮ್ಮ ಮನೆಯ ಟೀವಿಗಿಂತ ದೊಡ್ಡದು. ಅದನ್ನು ಇಟ್ಟರೆ ನಾನು ದಡದಲ್ಲೇ ಉಳಿಯಬೇಕು.

ಎರಡನೆಯದು ವೈರ್‌ಲೆಸ್. ದಾರದ ತುದಿಗೆ ಕಟ್ಟಿ ನೀರಿಗೆ ಎಸೆಯುವ ಚೆಂಡು, ಕೈಯಲ್ಲಿ ಸಣ್ಣ ಸ್ಕ್ರೀನ್. ನೋಡಲು ಚೆಂದ. ಮೊದಲನೇ ದಿನವೇ ಜಾಲಿಗೆ ಸಿಕ್ಕಿ ಗಂಗಮ್ಮನ ಪಾಲು. ಬೇಡ.

ಮೂರನೆಯದು ಕಪ್ಪು ಬಿಳುಪು, ಅಂಗೈ ಅಗಲ, ಹನ್ನೆರಡು ವೋಲ್ಟ್. ಒಂದು ವೈರು, ವೈರಿನ ತುದಿಯಲ್ಲಿ ಟ್ರಾನ್ಸ್‌ಡ್ಯೂಸರ್. ಅದು ನೀರೊಳಗೆ ಸದ್ದು ಕಳಿಸಿ, ತಿರುಗಿ ಬಂದದ್ದನ್ನು ಸ್ಕ್ರೀನ್ ಮೇಲೆ ಗೆರೆ ಮಾಡುತ್ತದೆ. ನಾನು ಕಣ್ಣು ಎನ್ನುತ್ತೇನೆ. ಇದರಲ್ಲೂ ಎರಡು ಬಗೆ. ಅಗಲ ನೋಡುವ ಕಣ್ಣು, ನೇರ ಕೆಳಗೆ ನೋಡುವ ಕಣ್ಣು. ಅಗಲದ್ದು ಜಾಸ್ತಿ ಮೀನು ತೋರಿಸುತ್ತದೆ, ಎಲ್ಲರೂ ಅದನ್ನೇ ಒಯ್ಯುತ್ತಾರೆ ಎಂದ. ನನಗೆ ನೇರದ್ದು ಕೊಡು ಎಂದೆ. ಮೀನು ಕಡಿಮೆ ತೋರಿಸಲಿ, ತಳದ ಬಗ್ಗೆ ಸುಳ್ಳು ಹೇಳಬಾರದು. ಬಿಸಿಲಿಗೆ ತಂದು ಹಿಡಿದು ನೋಡಿದೆ. ಅಂಕಿ ಕಾಣುತ್ತದೆ. ತಗೊಂಡೆ.

ಬೋಟಿನ ಎಂಜಿನ್ ಎಷ್ಟು ಎಂದು ಕೇಳಿದ. ತೋಳು ತೋರಿಸಿದೆ. ಆಮೇಲೆ ಅವನ ಕಣ್ಣು ಬೂಟಿಗೆ ಇಳಿಯಿತು. ದನಿ ಸಣ್ಣದು ಮಾಡಿ, ನಿಮ್ಮನ್ನು ಯಾರು ಕರೆದುಕೊಂಡು ಹೋಗುತ್ತಾರೆ ಸಾರ್, ಎಂದ.

ಎಲ್ಲ ಊರಿನಲ್ಲೂ ಇದೇ ಪ್ರಶ್ನೆ. ನಾನೇ ಕರೆದುಕೊಂಡು ಹೋಗುತ್ತೇನೆ ನನ್ನನ್ನು, ಎಂದೆ.

28 ನವೆಂಬರ್

ಆಫೀಸಿನ ಯು.ಪಿ.ಎಸ್. ಬಿಚ್ಚಿ ಬ್ಯಾಟರಿ ತೆಗೆದೆ. ಟಿಫನ್ ಡಬ್ಬಿಯಲ್ಲಿ ಸರಿಯಾಗಿ ಕೂತಿತು. ಇನ್ನು ಕರೆಂಟ್ ಹೋದರೆ ಕಂಪ್ಯೂಟರ್ ಸಾಯಲಿ.

4 ಡಿಸೆಂಬರ್, ಭಾನುವಾರ

ಸ್ಕ್ರೀನ್ ಕೂರಿಸಿದ್ದಾಯಿತು, ಮೊಣಕಾಲಿನ ಮುಂದೆ ನಾಲ್ಕು ಬೋಲ್ಟ್ ಹಾಕಿ. ವಾಷರ್ ಬದಲು ಸೈಕಲ್ ಟ್ಯೂಬಿನ ತುಂಡು. ಒಂದು ಹನಿ ಒಳಗೆ ಬರುವುದಿಲ್ಲ.

ಕಣ್ಣು ಎಲ್ಲಿಡುವುದು? ಅದೇ ತಲೆನೋವು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಮೊದಲನೇ ದಾರಿ — ತಳಕ್ಕೆ ತೂತು ಕೊರೆಯುವುದು.

"ದೋಣಿಗೆ ತೂತ್ ಹಾಕ್ತೀಯೇನ್ಲಾ? ಓದ್ದೋರ್ ಪುಸ್ತಕಾನಾ ಅದು?" ಚನ್ನ.

ಪ್ಲಾಸ್ಟಿಕ್ ಪೈಪಿಗೆ ಕಟ್ಟಿ ಪಕ್ಕಕ್ಕೆ ಇಳಿಬಿಟ್ಟೆವು. ಜಾಲಿ ಕೊಂಬೆ ತಗುಲಿತು, ಪೈಪು ಲಟ್ ಎಂದಿತು. ಕಣ್ಣು ಉಳಿದದ್ದು ಪುಣ್ಯ.

ಇನ್ನೊಂದು ದಾರಿ, ದೋಣಿಯ ಒಳಗಡೆ ತಳಕ್ಕೆ ಅಂಟಿಸುವುದು. ಪ್ಲಾಸ್ಟಿಕ್ ದಾಟಿಯೂ ಸದ್ದು ಹೋಗುತ್ತದಂತೆ. ಷರತ್ತು ಒಂದೇ, ಮಧ್ಯೆ ಗಾಳಿ ಇರಬಾರದು. ಒಂದು ಗುಳ್ಳೆ ಇದ್ದರೂ ಕುರುಡು. ನೀರಿನ ಟ್ಯಾಂಕಿಗೆ ಮೆತ್ತುವ ಪುಟ್ಟಿ ಹಾಕಿದೆ. ಈ ಪ್ಲಾಸ್ಟಿಕ್ಕಿಗೆ ಯಾವುದೂ ಹಿಡಿಯುವುದಿಲ್ಲ. ಒಣಗಿದ ಮೇಲೆ ರೊಟ್ಟಿ ಎದ್ದ ಹಾಗೆ ಎದ್ದು ಬಂತು.

ಹಗ್ಗದಲ್ಲೇ ಎರಡು ಸುತ್ತು ಹಾಕಿ ಬಂದೆ.

18 ಡಿಸೆಂಬರ್, ಭಾನುವಾರ

ಸಿಕ್ಕಿತು! ಮುದ್ದೆ!

ಗಾಳಕ್ಕೆ ಹಾಕುವ ರಾಗಿ ಉಂಡೆ ಕೈಯಲ್ಲಿತ್ತು. ಹಿಸುಕುತ್ತಾ ಕೂತಿದ್ದೆ. ಗಾಳಿ ಇಲ್ಲದ್ದು, ಮೆತ್ತಗಿರುವುದು, ಒತ್ತಿದ ಕಡೆ ಕೂರುವುದು... ಇಷ್ಟು ದಿನ ಕೈಯಲ್ಲೇ ಇಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ.

ಚನ್ನನ ತಾಯಿ ಅಶ್ವತ್ಥಮ್ಮನ ಮುದ್ದೆಯಲ್ಲಿ ಒಂದು ಗಂಟು ತೋರಿಸಿದವರಿಲ್ಲ. ಒಂದು ಮುದ್ದೆ ಬೇಕಮ್ಮ, ಉಪ್ಪು ಬೇಡ ಎಂದೆ.

"ಅಯ್ಯೋ ನಾಯನಾ, ನಮ್ಮನೇಲಿ ಉಂಬ್ತೀರಾ? ಸಾರು ಬಿಡ್ಲಾ?"

"ನನಗಲ್ಲ. ದೋಣಿಗೆ."

ಕೋಲು ಹಿಡಿದು ತಿರುವುತ್ತಾ ಅರ್ಧ ಗಂಟೆ ನಕ್ಕಳು. ಬಿಸಿ ಆರಿದ ಮೇಲೆ ದೋಣಿಯ ತಳಕ್ಕೆ ಒಳಗಿನಿಂದ ತಟ್ಟಿ, ಕಣ್ಣು ಒತ್ತಿ ಕೂರಿಸಿ, ಮೇಲೆ ಒಂದು ಕಲ್ಲು ಇಟ್ಟೆ. ನೀರಿಗಿಳಿಸಿ ಸ್ವಿಚ್ ಹಾಕಿದೆ. ಒಂಬತ್ತು ಅಡಿ. ಹನ್ನೊಂದು. ಹದಿನಾಲ್ಕು. ಕೆಳಗೆ ದಪ್ಪ ಕಪ್ಪು ಗೆರೆ, ಅದೇ ತಳ. ಗೆರೆಯ ಮೇಲೆ ಕೂದಲು ಕೆದರಿದ ಹಾಗೆ ಏನೋ. ಜಾಲಿ! ತಲೆಯಿಂದ ಬುಡದ ತನಕ ಜಾಲಿ. ಅವತ್ತು ನನ್ನನ್ನು ಹಿಡಿದುಕೊಂಡ ಕಳ್ಳ ಮರ ಎದುರಿಗೇ ಸಿಕ್ಕಿತು. ಬೈದು ಪಕ್ಕಕ್ಕೆ ತಿರುಗಿಸಿಕೊಂಡೆ.

ಜೋರಾಗಿ ಹಾಡು ಹೇಳಿದೆ. ಚನ್ನ ಹಗ್ಗ ಜಗ್ಗಿ, ಏನಾಯ್ತಲಾ ಎಂದು ಕೂಗಿದ. ಏನಾಗಬೇಕು? ಖುಷಿಯಾಯಿತು.

ಪರ್ಣಿಗೆ ಹೇಳಿದೆ. ಹಬ್ಬಕ್ಕೆ ಮುಂಚೆ ಬಂದು ನೋಡುತ್ತಾಳಂತೆ.

5 ಜನವರಿ 2006

ಇಷ್ಟು ದಿನ ಕೆರೆ ಇಲ್ಲ. ಚನ್ನನ ಹುಳಕ್ಕೆ ನಾಲ್ಕನೇ ಜ್ವರ. ಪೊರೆ ಬಿಡುವ ಹೊತ್ತು, ಮನೆ ಬಿಟ್ಟು ಕದಲುವ ಹಾಗಿಲ್ಲ. ಅವನಿಲ್ಲದಿದ್ದರೆ ಹಗ್ಗ ಹಿಡಿಯುವವರಿಲ್ಲ, ಹಗ್ಗ ಇಲ್ಲದಿದ್ದರೆ ನಾನಿಲ್ಲ. ಒಂದು ಹುಳದ ಜ್ವರಕ್ಕೆ ಕಾಯುವ ಸ್ಥಿತಿ ನನ್ನದು.

ಇವತ್ತು ಹೋಗಿ ಹಳೇ ಮುದ್ದೆ ತೆಗೆದು ಹೊಸದು ತಟ್ಟಿ ಬಂದೆ. ಕಣ್ಣು ಯಾರಾದರೂ ಕದ್ದಾರು ಎಂದು ಕಯಾಕ್ ಹುಳದ ಮನೆಯೊಳಗೇ ಇಡಿಸಿದೆ. ಹುಳಕ್ಕೆ ಚಳಿಯಾಗದಂತೆ ಅಲ್ಲಿ ಇದ್ದಿಲ ಒಲೆ ಹಾಕಿದ್ದಾರೆ. ಬೆಚ್ಚಗೆ ಸುಖವಾಗಿರಲಿ.

ಭಾನುವಾರ ಪರೀಕ್ಷೆ. ಅಣ್ಣನೂ ಬರುತ್ತಾನಂತೆ. ಬರಲಿ.

8 ಜನವರಿ, ಭಾನುವಾರ, ಸಂಜೆ

ಬರೆದೇ ಮಲಗುತ್ತೇನೆ.

ಎಲ್ಲರೂ ಏರಿಯ ಮೇಲೆ. ಪರ್ಣಿ, ಅಣ್ಣ, ಅಶ್ವತ್ಥಮ್ಮ. ಹಗ್ಗದ ತುದಿ ಹಿಡಿದು ಚನ್ನ. ಕೂತೆ. ಸ್ವಿಚ್ ಹಾಕಿದೆ. ಸ್ಕ್ರೀನ್ ಬೆಳಗಿತು. ಗೆರೆ ಇಲ್ಲ. ಅಂಕಿ ಇಲ್ಲ. ಆಫ್ ಮಾಡಿ ಆನ್ ಮಾಡಿದೆ. ಬ್ಯಾಟರಿ ಬಿಚ್ಚಿ ಹಾಕಿದೆ. ಬಿಳೀ ಬೋಳು ಸ್ಕ್ರೀನ್.

ಮುದ್ದೆ ತಟ್ಟಿದ್ದ ಕಡೆಯ ಮುಚ್ಚಳ ತೆಗೆದರೆ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಅಶ್ವತ್ಥಮ್ಮ ಇಳಿದು ಬಂದು ಬೆರಳು ಹಾಕಿ ನೋಡಿದಳು.

"ಹುಳಿ ಬಂದ್ಬಿಟ್ಟೈತೆ ನಾಯನಾ. ಒಲೆ ಪಕ್ಕ ಇಕ್ಕಿದ್ರೆ ಇನ್ನೇನಾಯ್ತದೆ? ನೋಡು, ಬುರುಬುರು ಅಂತೈತೆ."

ಗುಳ್ಳೆ. ಮುದ್ದೆಯ ತುಂಬ ಗುಳ್ಳೆ. ಒಂದು ಗುಳ್ಳೆ ಇದ್ದರೂ ಕುರುಡು ಎಂದು ಪುಸ್ತಕ ಬಡಕೊಂಡಿತ್ತು. ರಾಗಿ ತಿನ್ನುವ ಸೀಮೆಯಲ್ಲಿ ಹುಟ್ಟಿ, ರಾಗಿ ಹುಳಿಯುತ್ತದೆ ಎಂಬುದು ಹೊಳೆಯಲಿಲ್ಲ ನನಗೆ.

ಅಣ್ಣ ಹತ್ತಿರ ಬಂದ. ಅಣಕಿಸಲಿಲ್ಲ. ಅಣಕಿಸಿದ್ದರೆ ಚೆನ್ನಾಗಿತ್ತು.

"ಸಾಕು ಬಿಡೋ ವಿದ್ಯಾ. ಆಟ ಆಡಿದ್ದಾಯ್ತಲ್ಲ. ಏನಾದ್ರೂ ಆದ್ರೆ ಅಮ್ಮನ ಮುಂದೆ ಹೋಗಿ ನಿಲ್ಲೋನು ನಾನು. ಬಾ, ಕೈ ಹಿಡ್ಕೋ."

ಕೈ ಚಾಚಿದ. ಎಂದಿನ ಹಾಗೆ ರಟ್ಟೆಗೆ.

ನನಗೆ ಆಗ ಏನಾಯಿತೋ ಗೊತ್ತಿಲ್ಲ. ಆ ಕೈ ನೋಡಿದೆ, ನನ್ನ ಕಾಲು ನೋಡಿಕೊಂಡೆ. ಪ್ಯಾಂಟ್ ಮಡಚಿದೆ, ತೊಡೆಯ ತನಕ. ದೊಡ್ಡವನಾದ ಮೇಲೆ ಹೆಂಡತಿ ಬಿಟ್ಟು ಒಬ್ಬರಿಗೂ ತೋರಿಸದ ಕಾಲು. ಚನ್ನ ಕೂಡ ನೋಡಿರಲಿಲ್ಲ. ಬಕಲ್ ಒಂದೊಂದೇ ಬಿಚ್ಚಿದೆ. ಬೂಟಿನ ಸಮೇತ ಕ್ಯಾಲಿಪರ್ ಕಳಚಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ.

"ಚನ್ನ, ಸೈಕಲ್ ಟ್ಯೂಬ್ ಕೊಡೋ."

ಕಣ್ಣನ್ನು ಮುದ್ದೆಯಿಂದ ಕಿತ್ತು ತೊಳೆದು ಬೂಟಿನ ಅಟ್ಟೆಗೆ ಕಟ್ಟಿದೆ, ಟ್ಯೂಬಿನ ಪಟ್ಟಿ ಸುತ್ತಿ ಸುತ್ತಿ. ತೊಡೆಯ ಚರ್ಮದ ಪಟ್ಟಿಗಳನ್ನು ದೋಣಿಯ ಪಕ್ಕದ ಹಿಡಿಗೆ ಬಿಗಿದೆ. ಕಬ್ಬಿಣ ನೇರ ಕೆಳಗೆ. ಮಂಡಿಯ ಹತ್ತಿರದ ರಿಂಗ್ ಇಳಿಸಿದರೆ ಲಾಕ್, ಎತ್ತಿದರೆ ಮಡಚುತ್ತದೆ. ದಿನಾ ಕುರ್ಚಿಯಲ್ಲಿ ಕೂರುವಾಗ ಮಾಡುವ ಕೆಲಸವೇ. ನೀರು ಕಡಿಮೆ ಇದ್ದಲ್ಲಿ ಮೇಲೆತ್ತಿಕೊಳ್ಳಬಹುದು, ಕೊಂಬೆ ತಗುಲಿದರೆ ಮುರಿಯುವುದಿಲ್ಲ. ನನ್ನನ್ನು ಹೊತ್ತ ಕಬ್ಬಿಣ, ಪೈಪಲ್ಲ.

ಎಡಗಾಲು ನನಗಿಂತ ಮುಂಚೆ ನೀರಿಗಿಳಿಯಿತು.

ಸ್ವಿಚ್ ಹಾಕಿದೆ. ಗೆರೆ ಬಂತು.

ಪರ್ಣಿಗೆ, ತೂಬಿನ ಹತ್ತಿರ ಹೋಗು ಎಂದೆ. ತೂಬಿನ ಕಲ್ಲಿನ ಮೇಲೆ ನೀರು ಎಷ್ಟಡಿ ಎಂದು ಬಣ್ಣದಲ್ಲಿ ಬರೆದಿದೆ. ನಾನು ಅಂಕಿ ಕಾಣದ ಹಾಗೆ ಕಲ್ಲಿಗೆ ಬೆನ್ನು ಮಾಡಿ ಕೂತು ಅಲ್ಲಿಗೆ ಪ್ಯಾಡಲ್ ಹೊಡೆದೆ. ಸ್ಕ್ರೀನಿನಲ್ಲಿ ಹದಿನೈದೂವರೆ. ಬೂಟು ಮುಳುಗಿದ ಒಂದೂವರೆ ಸೇರಿಸಿ, ಹದಿನೇಳು ಎಂದು ಕೂಗಿದೆ.

ತಿರುಗಿ ನೋಡಿದೆ. ಪರ್ಣಿ ಕಲ್ಲಿನ ಮೇಲೆ ಬಗ್ಗಿ ನೋಡುತ್ತಿದ್ದಳು. ನೆಟ್ಟಗೆ ನಿಂತು ಚನ್ನನ ಕಡೆ ತಿರುಗಿದಳು.

"ಕಲ್ಲೂ ಹದಿನೇಳೇ ಅಂತಿದೆ. ಬಿಚ್ಚಪ್ಪ."

ಚನ್ನ ಅಣ್ಣನ ಮುಖ ನೋಡಿದ. "ಆಚಾರ್ರೇ..."

"ಅವರನ್ನ ಯಾಕ್ ನೋಡ್ತೀಯ? ಮಾತು ಕೊಟ್ಟಿದ್ದು ನಾನು." ದೋಣಿಯನ್ನು ಏರಿಯ ಅಂಚಿಗೆ ತಂದೆ, ಅವಳು ಇಳಿದು ಬಂದಳು. ಸೀರೆ ನೆನೆಯಿತು, ಲಕ್ಷ್ಯವಿಲ್ಲ. ಗಂಟು ಬಿಗಿದಿತ್ತು, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ಹಗ್ಗ ನೀರಿಗೆ ಬಿತ್ತು. ಅವಳ ಕಣ್ಣಲ್ಲಿ ನೀರಿತ್ತು, ಹೋಗಿ ಎಂದಳಷ್ಟೇ.

ಹೋದೆ.

ಜಾಲಿಯ ಸಾಲು ಬಂದಾಗ ರಿಂಗ್ ಎತ್ತಿ ಕಾಲು ಮಡಚಿದೆ, ದಾಟಿ ಮತ್ತೆ ಇಳಿಸಿದೆ. ಹಗ್ಗ ಇದ್ದಾಗ ತಲುಪದ ಕಡೆಯೆಲ್ಲ ಹೋದೆ. ಗಾಳ ಹಾಕುವುದೇ ಮರೆತುಹೋಯಿತು. ಈ ಕಾಲನ್ನು ನೋಡಿ ಇಷ್ಟು ವರ್ಷ ನಾಚಿಕೊಂಡದ್ದು ಸಾಕು ಎನ್ನಿಸಿತು. ಗರ್ಭಗುಡಿಗೆ ಬೇಡದ ಕಾಲು ಗಂಗಮ್ಮನಿಗೆ ಆಯಿತು. ಯಾವ ಹಿರಿಯರು ಬರುತ್ತಾರೋ ಬರಲಿ, ಇಲ್ಲಿಗೆ ಬಂದು ಹೇಳಲಿ.

ವಾಪಸ್ ಬಂದಾಗ ಅಣ್ಣ ನೀರಂಚಿನಲ್ಲಿ ಕೂತಿದ್ದ. ಬೆನ್ನು ಕೊಟ್ಟ, ಉಪ್ಪುಮೂಟೆ ಮಾಡಲು. ಬೇಡ, ನಡೀತೀನಿ ಎಂದೆ. ಒದ್ದೆ ಕ್ಯಾಲಿಪರ್ ಬಿಚ್ಚಿಕೊಂಡು ತೊಡೆಗೆ ಬಿಗಿದೆ. ಬೂಟು ನೆನೆದು ಪಾದ ಒಳಗೆ ಹೋಗಲಿಲ್ಲ. ಅಣ್ಣ ಬಗ್ಗಿ ಬೂಟು ಹಿಡಿದ. ಚರ್ಮದ ಬೂಟು. ಪಾದ ಒಳಗೆ ತಳ್ಳಿ ಲೇಸ್ ಕಟ್ಟಿದ. ಮನೆಗೆ ಹೋಗಿ ಎರಡು ಸಲ ಸ್ನಾನ ಮಾಡಿದನೆಂದು ಅಮ್ಮ ಹೇಳಿದಳು. ಮಾಡಲಿ. ಕಟ್ಟಿದ್ದಂತೂ ಹೌದು.

15 ಜನವರಿ

ಹಬ್ಬ ಆಯಿತು. ಬೂಟು ಇನ್ನೂ ಒಣಗಿಲ್ಲ, ನಡೆದರೆ ಕಿಚ್ ಕಿಚ್. ಪರ್ಣಿ ಕಬ್ಬಿಣಕ್ಕೆ ಹೊಲಿಗೆ ಮೆಷಿನ್ನಿನ ಎಣ್ಣೆ ಹಚ್ಚಿದಳು. ಹೊಸ ಕ್ಯಾಲಿಪರ್‌ಗೆ ಬೆಂಗಳೂರಿನಲ್ಲಿ ಅಳತೆ ಕೊಟ್ಟು ಬಂದೆ. ಬಂದ ಮೇಲೆ ಇದು ಖಾಯಂ ದೋಣಿಗೆ. ಅಲ್ಲಿಯ ತನಕ ಪ್ರತಿ ಸಲ ದಡದಲ್ಲಿ ಕೂತು, ಎಲ್ಲರ ಎದುರಿಗೇ ಬಿಚ್ಚುತ್ತೇನೆ. ನೋಡುವವರು ನೋಡಲಿ.

5 ಫೆಬ್ರವರಿ, ಭಾನುವಾರ, ಕೆರೆಯಲ್ಲಿ

ಡೈರಿ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದೆ. ನೀರಿನ ಮೇಲೆ ಬರೆಯುವುದು ಇದೇ ಮೊದಲು. ಅಕ್ಷರ ಸೊಟ್ಟ.

ಇವತ್ತು ಯಾರನ್ನೂ ಕೇಳಲಿಲ್ಲ. ಚನ್ನ ದೋಣಿ ಇಳಿಸಿಕೊಟ್ಟು ಸೊಪ್ಪು ಕೊಯ್ಯಲು ಹೋದ. ಕೆರೆಯ ಆಚೆ ದಡದ ಹತ್ತಿರಕ್ಕೆ ಬಂದಿದ್ದೇನೆ. ಇಲ್ಲಿಂದ ನೋಡಿದರೆ ನಮ್ಮದೇ ಆಚೆ ದಡ. ಏರಿ ಒಂದು ಗೆರೆಯಷ್ಟು.

ಸ್ಕ್ರೀನಿನಲ್ಲಿ ಹನ್ನೊಂದು. ತಳ ಸಾಫ್. ಗೆರೆಗಿಂತ ಮೇಲೆ ದಪ್ಪನೆಯದೊಂದು ನಿಂತಿದೆ, ಕಾಟ್ಲಾ ಮೀನು ಇರಬೇಕು. ಇರಲಿ, ಅದರ ಪಾಡಿಗೆ ಅದು.

ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಹೆದರಿಕೆ ಆಗುತ್ತಿದೆ. ಸುಳ್ಳು ಯಾಕೆ ಬರೆಯಲಿ? ಆದರೆ ಇದು ನನ್ನದೇ ಹೆದರಿಕೆ. ಇಷ್ಟು ವರ್ಷ ಅದನ್ನೂ ನನ್ನ ಪರವಾಗಿ ಬೇರೆಯವರೇ ಪಡುತ್ತಿದ್ದರು. ಕೊಡುವುದಿಲ್ಲ ಇನ್ನು, ಯಾರಿಗೂ.

ಏರಿಯ ಮೇಲೆ ಯಾರೋ ಬಂದು ನಿಂತರು. ಬಿಳಿ ಪಂಚೆ. ಅಣ್ಣ? ಪೂಜೆ ಮುಗಿಸಿ ಇಷ್ಟು ಬೇಗ? ಕೈ ಬೀಸುತ್ತಿದ್ದಾನೆ. ಬಾ ಅಂತಲೋ, ಹೋಗು ಅಂತಲೋ, ಇಷ್ಟು ದೂರಕ್ಕೆ ತಿಳಿಯುವುದಿಲ್ಲ. ಯಾವುದಾದರೂ ಆಗಲಿ, ನಾನೂ ಬೀಸುತ್ತೇನೆ. ಒಂದು ಕೈಯಲ್ಲಿ ಪ್ಯಾಡಲ್, ಇನ್ನೊಂದರಲ್ಲಿ ಈ ಪೆನ್ನು, ಇದನ್ನು ಮೊದಲು